ಮಳೆ ಶುರುವಾದ ಮೇಲೆ ಲ್ಯಾಬಿನ ಫ್ಯೂಮ್ ಹುಡ್ ಹೊಗೆ ಎಳೆಯುತ್ತಿಲ್ಲ, ಯಾರಿಗಾದರೂ ಗೊತ್ತಾ?

ಲ್ಯಾಬ್ ಮೇಡಂ, ಮಡಿಕೇರಿ ಹತ್ತಿರ

ಎಲ್ಲರಿಗೂ ನಮಸ್ಕಾರ. ಕೊಡಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿಗೆ ಇರುವುದು ಒಂದೇ ಫ್ಯೂಮ್ ಹುಡ್, ಅಂದರೆ ಪ್ರಯೋಗದ ಹೊಗೆಯನ್ನು ಪೈಪಿನಲ್ಲಿ ಹೊರಗೆ ಕಳಿಸುವ ಗಾಜಿನ ಪೆಟ್ಟಿಗೆ. ನಾಲ್ಕು ಅಡಿ ಅಗಲ, ಮುಂದೆ ಮೇಲೆ ಕೆಳಗೆ ಸರಿಯುವ ಗಾಜಿನ ಬಾಗಿಲು, ಗಾಳಿ ಎಳೆಯುವ ಬ್ಲೋವರ್ ಟೆರೇಸಿನಲ್ಲಿದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಒಳಗೆ ಅಮೋನಿಯ ಬಾಟಲಿ ತೆರೆದರೂ ಹೊರಗೆ ನಿಂತವರಿಗೆ ವಾಸನೆ ಬರುತ್ತಿರಲಿಲ್ಲ.

ಮೊನ್ನೆ ಮಕ್ಕಳಿಗೆ ತಾಮ್ರದ ಚೂರಿನ ಮೇಲೆ ಗಟ್ಟಿ ನೈಟ್ರಿಕ್ ಆಸಿಡ್ ಹಾಕಿ ತೋರಿಸುತ್ತಿದ್ದೆ. ಸುಮಾರು ಒಂದು ಗ್ರಾಂ ತಾಮ್ರ ಇರಬಹುದು. ಕಂದು ಹೊಗೆ ಎದ್ದಿತು. ಹಿಂದಕ್ಕೆ ಹೋಗಬೇಕಾದ ಹೊಗೆ ಬೀಕರಿನ ಬಾಯಿಂದ ಕೆಳಗಿಳಿಯಿತು, ಕಟ್ಟೆಯ ಮೇಲೆ ಹರಡಿಕೊಂಡಿತು, ಆಮೇಲೆ ಗಾಜಿನ ಕೆಳಗಿಂದ ನಿಧಾನಕ್ಕೆ ನನ್ನ ಏಪ್ರನ್ ಕಡೆಗೆ ಬಂತು. ಮುಂದೆ ನಿಂತಿದ್ದ ಹುಡುಗಿ ಎರಡು ಮೂರು ಸಲ ಕೆಮ್ಮಿದಳು. ತಕ್ಷಣ ಗಾಜು ಇಳಿಸಿ, ಎಲ್ಲರನ್ನೂ ವರಾಂಡಕ್ಕೆ ಕಳಿಸಿದೆ. ಹುಡುಗಿ ಆರಾಮಾಗಿದ್ದಾಳೆ, ಸಂಜೆ ಮನೆಗೆ ಫೋನ್ ಮಾಡಿ ಕೇಳಿದೆ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಬ್ಲೋವರ್ ಸದ್ದು ಮೊದಲಿನ ಹಾಗೆಯೇ ಇದೆ. ಬದಲಾಗಿದ್ದು ಮಳೆ ಮಾತ್ರ. ಕಕ್ಕಡ ತಿಂಗಳ ಜೋರು ಮಳೆ ನಿಮಗೆ ಗೊತ್ತೇ ಇದೆ, ಕಿಟಕಿ ತೆಗೆದರೆ ಎರಚಲು ನೇರ ಟೇಬಲ್ ಮೇಲೆ. ಎಲ್ಲ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿಚೀಲ ಹಾಕಿದ್ದೇವೆ. ಮಧ್ಯೆ ಮರ ಬಿದ್ದು ಲೈನ್ ಹರಿದು ಐದು ದಿನ ಕರೆಂಟೂ ಇರಲಿಲ್ಲ. ಅದು ಬಂದ ಮೇಲೆ ನಲ್ಲಿಯಲ್ಲಿ ನೀರು ಕೂಡ ಸಣ್ಣಗಾಗಿದೆ, ಬೋರ್‌ವೆಲ್ ಮೋಟರ್ ಎರಡು ಗಂಟೆ ಓಡಿದರೂ ಟ್ಯಾಂಕ್ ತುಂಬುತ್ತಿಲ್ಲ. ಹೊರಗೆಲ್ಲ ನೀರು, ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬ್ ತೊಳೆಯಲು ನೀರಿಲ್ಲ.

ಇನ್ನೊಂದು ವಿಷಯ. ನಮ್ಮ ಅಟೆಂಡರ್ ಅಣ್ಣ ಇಪ್ಪತ್ತು ವರ್ಷದಿಂದ ಇದೇ ಲ್ಯಾಬಿನಲ್ಲಿದ್ದಾರೆ. ಆಸಿಡ್ ಬಾಟಲಿ ತುಂಬಿಸುವುದು, ರಿಯೇಜೆಂಟ್ ಮಾಡುವುದು ಎಲ್ಲ ಅವರೇ. ಈ ವರ್ಷ ಅವರಿಗೆ ಕೆಮ್ಮು ನಿಲ್ಲುತ್ತಲೇ ಇಲ್ಲ. ಅವರು "ಮಳೆಗಾಲ ಅಲ್ವಾ ಮೇಡಂ" ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ಎಲ್ಲಿಂದ ಶುರು ಮಾಡಲಿ ಹೇಳಿ.

ಹಳೇ ಕ್ಯೂಸಿ, ಸೋಮವಾರಪೇಟೆ

ಮೇಡಂ, ಮೊದಲು ಒಂದು ಮಾತು. ಸರಿಯಾಗುವ ತನಕ ಆ ಹುಡ್‌ನಲ್ಲಿ ಹೊಗೆ ಬರುವ ಯಾವ ಪ್ರಯೋಗವನ್ನೂ ಮಾಡಬೇಡಿ. ಒಂದು ಹಾಳೆಯಲ್ಲಿ "ಬಳಸಬೇಡಿ" ಎಂದು ಬರೆದು ಗಾಜಿಗೆ ಅಂಟಿಸಿ. ಇಲ್ಲದಿದ್ದರೆ ಇನ್ನೊಂದು ಬ್ಯಾಚ್ ತೆಗೆದುಕೊಳ್ಳುವವರು ಗೊತ್ತಿಲ್ಲದೆ ಬಳಸಿಬಿಡುತ್ತಾರೆ.

ನಾನು ಮೈಸೂರಿನ ಕಡೆ ಔಷಧಿ ಕಾರ್ಖಾನೆಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ಬಹಳ ವರ್ಷ ಇದ್ದೆ, ಈಗ ಊರಲ್ಲಿ ತೋಟ ನೋಡಿಕೊಳ್ಳುತ್ತಿದ್ದೇನೆ. ಎಲ್ಲರೂ ಹುಡ್ ಅಂದರೆ ಹೊಗೆ ನುಂಗುವ ಪೆಟ್ಟಿಗೆ ಅಂದುಕೊಳ್ಳುತ್ತಾರೆ. ಅದು ಎಳೆಯುವುದು ಕೋಣೆಯ ಗಾಳಿಯನ್ನು. ಗಾಳಿ ಹೋದರೆ ಅದರ ಜೊತೆ ಹೊಗೆಯೂ ಹೋಗುತ್ತದೆ, ಅಷ್ಟೇ. ನಿಮ್ಮದು 4 ಅಡಿ ಅಗಲ, ಗಾಜು ಒಂದೂವರೆ ಅಡಿ ಎತ್ತಿದರೆ ಬಾಯಿ 6 ಚದರ ಅಡಿ. ಆ ಬಾಯಲ್ಲಿ ಗಾಳಿ ನಿಮಿಷಕ್ಕೆ ಸುಮಾರು 100 ಅಡಿ ವೇಗದಲ್ಲಿ ಒಳಗೆ ಹೋಗಬೇಕು, ಅಂದರೆ ಸೆಕೆಂಡಿಗೆ ಅರ್ಧ ಮೀಟರ್. 80ರಿಂದ 120 ಅಡಿ ಇದ್ದರೆ ಸರಿ. ತುಂಬ ಜಾಸ್ತಿಯಾದರೂ ಒಳ್ಳೆಯದಲ್ಲ, ಒಳಗೆ ಸುಳಿ ಎದ್ದು ಹೊಗೆ ಹೊರಗೆ ತಿರುಗುತ್ತದೆ. 100 ಅಡಿ ಹಿಡಿದರೆ ನಿಮಿಷಕ್ಕೆ 600 ಘನ ಅಡಿ ಗಾಳಿ. ನಿಮ್ಮ ಲ್ಯಾಬ್ 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಅಂದುಕೊಳ್ಳಿ, ಒಟ್ಟು 6000 ಘನ ಅಡಿ. ಹತ್ತೇ ನಿಮಿಷಕ್ಕೆ ಒಂದು ಕೋಣೆ ತುಂಬುವಷ್ಟು ಗಾಳಿ ಹೊರಗೆ ಹೋಗುತ್ತದೆ, ಅಷ್ಟೇ ಗಾಳಿ ಒಳಗೂ ಬರಬೇಕು. ನೀವು ಕಿಟಕಿ ಮುಚ್ಚಿ ಸಂದಿಗೆ ಗೋಣಿಚೀಲ ಹಾಕಿದರೆ ಎಲ್ಲಿಂದ ಬರುತ್ತದೆ ಹೇಳಿ?

ನಮ್ಮ ಅಜ್ಜಿ ಮನೆಯಲ್ಲಿ ಸೌದೆ ಒಲೆ ಇತ್ತು. ಜೋರು ಮಳೆಯಲ್ಲಿ ಎಲ್ಲ ಬಾಗಿಲು ಮುಚ್ಚಿದರೆ ಹೊಗೆ ಚಿಮಣಿಗೆ ಹೋಗದೆ ಅಡುಗೆಮನೆಗೇ ವಾಪಸ್ ಬರುತ್ತಿತ್ತು. ಅಜ್ಜಿ ಕಣ್ಣೊರೆಸಿಕೊಂಡು "ಹಿಂದಿನ ಬಾಗಿಲು ಒಂದು ಗೇಣು ತೆಗಿ" ಅನ್ನುತ್ತಿದ್ದರು. ತೆಗೆದ ಕೂಡಲೇ ಹೊಗೆ ನೆಟ್ಟಗೆ ಮೇಲಕ್ಕೆ. ನಿಮ್ಮ ಹುಡ್‌ಗೂ ಬೇಕಾದದ್ದು ಆ ಒಂದು ಗೇಣು. ಆದರೆ ಹುಡ್ ಪಕ್ಕದ ಕಿಟಕಿಯನ್ನು ಮಾತ್ರ ತೆಗೆಯಬೇಡಿ. ಅಡ್ಡ ಗಾಳಿ ಬೀಸಿದರೆ ಹೊಗೆಯನ್ನು ಬಾಯಿಂದ ಹೊರಗೆ ಎಳೆದುಕೊಂಡು ಬರುತ್ತದೆ. ಹುಡ್‌ನಿಂದ ದೂರದ ಬಾಗಿಲೋ, ವರಾಂಡದ ಕಡೆಯ ಕಿಟಕಿಯೋ ತೆಗೆದಿಡಿ. ಹುಡ್ ಹತ್ತಿರದ ಸೀಲಿಂಗ್ ಫ್ಯಾನ್ ಆರಿಸಿ. ಮಕ್ಕಳು ಹಿಂದಿನಿಂದ ಓಡಾಡಿದರೂ ಸಾಕು, ಹೊಗೆ ಅವರ ಹಿಂದೆ ಬರುತ್ತದೆ.

ಈಗ ಪರೀಕ್ಷೆ. ಹುಡ್ ಒಳಗಿನದನ್ನೆಲ್ಲ ಹೊರಗೆ ತೆಗೆಯಿರಿ. ಸುತ್ತ ಈಥರ್, ಅಸಿಟೋನ್, ಸ್ಪಿರಿಟ್ ಯಾವುದೂ ಇರಬಾರದು. ಬ್ಲೋವರ್ ಹಾಕಿ, ಒಂದು ಊದುಬತ್ತಿ ಹಚ್ಚಿ, ಗಾಜಿನ ಕೆಳ ಅಂಚಿನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ತನ್ನಿ. ಎಲ್ಲ ಕಡೆ ಹೊಗೆ ಒಳಗೆ ಬಾಗಬೇಕು. ಎರಡು ಮೂಲೆಗಳಲ್ಲಿ ಮತ್ತು ಕಟ್ಟೆಯ ಮುಂದಿನ ಅಂಚಿನಲ್ಲಿ ಜಾಸ್ತಿ ಹೊತ್ತು ಹಿಡಿಯಿರಿ, ತಪ್ಪು ಅಲ್ಲೇ ಕಾಣುವುದು. ಆಮೇಲೆ ಲ್ಯಾಬಿನ ಬಾಗಿಲನ್ನು ಒಂದು ಬೆರಳು ಅಗಲ ತೆರೆದು ಸಂದಿಗೆ ಕೈ ಇಡಿ. ಗಾಳಿ ಜೋರಾಗಿ ಒಳಗೆ ನುಗ್ಗುತ್ತಿದ್ದರೆ ಕೋಣೆಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಕೈಗೆ ಏನೂ ತಿಳಿಯದಿದ್ದರೆ ಬ್ಲೋವರೇ ಎಳೆಯುತ್ತಿಲ್ಲ. ಸದ್ದು ಬಂದರೆ ಎಳೆಯುತ್ತಿದೆ ಅಂತ ಅಲ್ಲ, ಇದನ್ನು ನಾನು ಕಷ್ಟಪಟ್ಟೇ ಕಲಿತೆ.

ವಾಸನೆ ಬರುತ್ತಿರಲಿಲ್ಲ ಎಂದಿರಿ. ಮೂಗನ್ನು ಅಷ್ಟು ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಇದೆಯಲ್ಲ, ಕೊಳೆತ ಮೊಟ್ಟೆ ವಾಸನೆಯದು, ಅದು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಹತ್ತಿರ ಹೋದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ನಿಂತಿತು ಅಂದುಕೊಳ್ಳುತ್ತೇವೆ, ಗ್ಯಾಸ್ ಅಲ್ಲೇ ಇರುತ್ತದೆ.

ಕಾಫಿ ಬೆಳೆಗಾರ, ಸಿದ್ದಾಪುರ

ಕೊರೊನಾ ಸಮಯದ ಎನ್-95 ಮಾಸ್ಕ್ ಎಲ್ಲರ ಮನೆಯಲ್ಲೂ ಇದೆ ಅಲ್ವಾ. ಸದ್ಯಕ್ಕೆ ಅದನ್ನೇ ಹಾಕಿಸಿದರೆ ಆಗುವುದಿಲ್ಲವಾ? ನಮ್ಮ ತೋಟದಲ್ಲಿ ಔಷಧಿ ಹೊಡೆಯುವಾಗ ಹುಡುಗರಿಗೆ ಅದನ್ನೇ ಕೊಡುತ್ತೇನೆ.

ಹಳೇ ಕ್ಯೂಸಿ, ಸೋಮವಾರಪೇಟೆ

ಆಗುವುದಿಲ್ಲ ಅಣ್ಣ. ಎನ್-95 ಧೂಳು, ತುಂತುರಿನ ಹನಿ ತಡೆಯುತ್ತದೆ. ಆವಿ ಅದರೊಳಗೆ ಗಾಳಿಯ ಹಾಗೆಯೇ ಹೋಗುತ್ತದೆ. ಆವಿಗೆ ಬೇಕಾದದ್ದು ಎರಡು ಪಕ್ಕದಲ್ಲಿ ಡಬ್ಬಿ ಇರುವ ರಬ್ಬರ್ ಮಾಸ್ಕ್. ಆ ಡಬ್ಬಿಗಳಲ್ಲೂ ಬೇರೆ ಬೇರೆ ಬಗೆ ಇದೆ. ಅಮೋನಿಯಕ್ಕೆ ಹಸಿರು ಬಣ್ಣದ್ದು, ಸಾಲ್ವೆಂಟಿಗೆ ಬೇರೆ, ಆಸಿಡ್ ಗ್ಯಾಸಿಗೆ ಬೇರೆ. ಒಂದರ ಬದಲು ಇನ್ನೊಂದು ಹಾಕಿದರೆ ಪ್ರಯೋಜನ ಇಲ್ಲ. ತೆರೆದ ಡಬ್ಬಿ ಸುಮ್ನೆ ಇಟ್ಟರೂ ನಮ್ಮ ತೇವದ ಗಾಳಿಯಲ್ಲಿ ಹಾಳಾಗುತ್ತದೆ. ನಿಮ್ಮ ಹುಡುಗರ ಔಷಧಿ ಡಬ್ಬದ ಲೇಬಲ್‌ನಲ್ಲಿ ಯಾವ ಮಾಸ್ಕ್ ಬೇಕೆಂದು ಬರೆದಿರುತ್ತಾರೆ, ದಯವಿಟ್ಟು ಇವತ್ತೇ ನೋಡಿ. ಕಾಲೇಜಿನ ಮಕ್ಕಳಿಗೆ ಮಾಸ್ಕ್ ದಾರಿಯೇ ಅಲ್ಲ, ಹುಡ್ ಸರಿ ಮಾಡಿಸಬೇಕು.

ನರ್ಸಮ್ಮ, ಕುಶಾಲನಗರ

ಮೇಡಂ, ಆ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್ ಅಲ್ವಾ. ಅದರ ವಿಷಯದಲ್ಲಿ ಒಂದು ಎಚ್ಚರ ಇರಲಿ. ಹೊಗೆ ಕುಡಿದ ಹೊತ್ತಿನಲ್ಲಿ ಸ್ವಲ್ಪ ಕೆಮ್ಮು, ಗಂಟಲು ಉರಿ, ಅಷ್ಟೇ. ಆಮೇಲೆ ಎಲ್ಲ ಸರಿ ಹೋದ ಹಾಗೆ ಇರುತ್ತದೆ. ಕೆಲವು ಗಂಟೆ ಬಿಟ್ಟು, ಒಂದೊಂದು ಸಲ ಮಾರನೇ ದಿನ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಹುಡುಗಿ ಎರಡು ಮೂರು ಸಲ ಕೆಮ್ಮಿದ್ದು ಅಂದರೆ ಬಹಳ ಕಡಿಮೆ ಕುಡಿದಿರಬೇಕು, ಎರಡು ದಿನ ಕಳೆದಿದೆ, ಹೆದರಬೇಡಿ. ಆದರೆ ಇನ್ನು ಮುಂದೆ ಹೀಗಾದರೆ ಆ ದಿನ ಓಡುವುದು, ಭಾರ ಎತ್ತುವುದು ಬೇಡ. ರಾತ್ರಿ ಒಬ್ಬರು ಜೊತೆಗಿರಲಿ. ಉಸಿರು ಕಟ್ಟಿದ ಹಾಗೆ, ಎದೆ ಬಿಗಿದ ಹಾಗೆ ಆದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ "ಲ್ಯಾಬ್ ಹೊಗೆ" ಎಂದು ಹೇಳಿದರೆ ಸಾಲದು, ಗ್ಯಾಸಿನ ಹೆಸರು ಹೇಳಿ. ಹೆಸರು ಗೊತ್ತಿದ್ದರೆ ಡಾಕ್ಟರು ರಾತ್ರಿ ಇಟ್ಟುಕೊಂಡು ನೋಡುತ್ತಾರೆ, ಗೊತ್ತಿಲ್ಲದಿದ್ದರೆ ಕೆಮ್ಮಿನ ಸಿರಪ್ ಕೊಟ್ಟು ಕಳಿಸುವ ಸಾಧ್ಯತೆ ಇದೆ.

ಅಟೆಂಡರ್ ಅಣ್ಣನನ್ನು ಎದೆಯ ಡಾಕ್ಟರ ಹತ್ತಿರ ಕಳಿಸಿ. ಏನೇನು ಕೆಮಿಕಲ್ ಮುಟ್ಟುತ್ತಾರೆ ಎಂದು ಒಂದು ಚೀಟಿ ಬರೆದುಕೊಡಿ. ಅವರಾಗಿ ಹೇಳುವುದಿಲ್ಲ, ಇಂಥವರು ಯಾವತ್ತೂ ಹೇಳುವುದಿಲ್ಲ.

ಮೋಟರ್ ರಿವೈಂಡಿಂಗ್, ಗೋಣಿಕೊಪ್ಪ

ಮೇಡಂ, ನಾನು ಕೆಮಿಸ್ಟ್ರಿ ಓದಿದವನಲ್ಲ. ಆದರೆ ನೀವು ಬರೆದಿದ್ದರಲ್ಲಿ ಒಂದು ಸಾಲು ನೋಡಿ ಎದ್ದು ಕುಳಿತೆ. ಲೈನ್ ರಿಪೇರಿ ಆದ ಮೇಲೆ ಬೋರ್‌ವೆಲ್ ನೀರೂ ಸಣ್ಣಗಾಗಿದೆ ಎಂದಿದ್ದೀರಿ. ಅಲ್ಲೇ ಇದೆ ನಿಮ್ಮ ಉತ್ತರ, ನನಗೆ ಹಾಗೆ ಅನ್ನಿಸುತ್ತದೆ. ಬೋರ್‌ವೆಲ್ ಮೋಟರ್ ತ್ರೀ ಫೇಸ್, ಅಂದರೆ ಮೂರು ಕರೆಂಟ್ ವೈರಿನಲ್ಲಿ ಓಡುವುದು, ಟೆರೇಸಿನ ಬ್ಲೋವರೂ ತ್ರೀ ಫೇಸ್ ಇರಬೇಕು. ಹರಿದ ಲೈನ್ ಮತ್ತೆ ಕಟ್ಟುವಾಗ ಎರಡು ಫೇಸ್ ಅದಲು ಬದಲಾದರೆ ಎಲ್ಲ ತ್ರೀ ಫೇಸ್ ಮೋಟರ್‌ಗಳೂ ಉಲ್ಟಾ ತಿರುಗುತ್ತವೆ. ಲೈಟು, ಫ್ಯಾನಿಗೆ ಏನೂ ಆಗುವುದಿಲ್ಲ, ಅವು ಸಿಂಗಲ್ ಫೇಸ್. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಮಳೆಗಾಲದಲ್ಲಿ ಪ್ರತಿ ವರ್ಷ ನಾಲ್ಕೈದು ತೋಟದಿಂದ ಪಂಪ್ ಸುಟ್ಟಿದೆ, ನೀರು ಬರುತ್ತಿಲ್ಲ ಎಂದು ಫೋನ್ ಬರುತ್ತದೆ. ಹೋಗಿ ಎರಡು ವೈರ್ ಬದಲಿಸಿ ಬರುತ್ತೇನೆ.

ಮನೆಯ ಎಕ್ಸಾಸ್ಟ್ ಫ್ಯಾನ್ ತರಹ ರೆಕ್ಕೆ ಇರುವುದು ಉಲ್ಟಾ ತಿರುಗಿದರೆ ಗಾಳಿ ಒಳಗೆ ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. ಬಸವನಹುಳು ಆಕಾರದ ಬ್ಲೋವರ್ ಹಾಗಲ್ಲ. ಉಲ್ಟಾ ತಿರುಗಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಬಹಳ ಕಡಿಮೆ ಹೋಗುತ್ತದೆ. ಸದ್ದು ಮಾತ್ರ ಹೆಚ್ಚು ಕಡಿಮೆ ಹಾಗೆಯೇ. ಬ್ಲೋವರ್ ಮೈಮೇಲೆ ಒಂದು ಬಾಣದ ಗುರುತು ಇರುತ್ತದೆ, ಪೇಂಟ್ ಹೋಗಿದ್ದರೆ ಉಜ್ಜಿ ನೋಡಿ. ಸ್ವಿಚ್ ಹಾಕಿ ಆರಿಸಿ, ನಿಲ್ಲುವ ಮೊದಲು ಚಕ್ರ ಯಾವ ಕಡೆ ತಿರುಗುತ್ತಿದೆ ಎಂದು ದೂರದಿಂದ ನೋಡಿ. ಬೆಲ್ಟ್ ಇದ್ದರೆ ಅದೂ ಈ ತೇವಕ್ಕೆ ಜಾರುತ್ತಿರಬಹುದು. ವೈರಿಗೆ ನೀವು ಕೈ ಹಾಕಬೇಡಿ, ಒದ್ದೆ ಟೆರೇಸು, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನೇ ಮಾಡಲಿ. ಹತ್ತು ನಿಮಿಷದ ಕೆಲಸ.

ಇನ್ನೂ ಒಂದು. ಪ್ರಯೋಗದ ಮಧ್ಯೆ ಕರೆಂಟ್ ಹೋದರೆ ಬ್ಲೋವರ್ ನಿಲ್ಲುತ್ತದೆ. ಆಗ ಏನು ಮಾಡುತ್ತೀರಿ ಎಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿದ್ದೀರಾ?

ಶೀಟ್ ಕೆಲಸ, ವಿರಾಜಪೇಟೆ

ಪೈಪಿನ ತುದಿಯನ್ನೂ ನೋಡಿ. ನಮ್ಮ ಕಡೆ ಎಲ್ಲರೂ ಮಳೆಗೆ ಹೆದರಿ ಟೋಪಿ ಹಾಕಿಸುತ್ತಾರೆ. ನಾನೂ ಮೊದಲು ಹಾಕಿಕೊಡುತ್ತಿದ್ದೆ. ಟೋಪಿ ಇದ್ದರೆ ಮೇಲೆ ಹೋಗಬೇಕಾದ ಹೊಗೆ ಕೆಳಗೆ ತಿರುಗಿ ಟೆರೇಸಿಗೇ ಬೀಳುತ್ತದೆ, ಪಶ್ಚಿಮದ ಗಾಳಿ ಅದನ್ನು ಮೆಟ್ಟಿಲಿನ ಬಾಗಿಲಿಂದ ಮತ್ತೆ ಕಟ್ಟಡದೊಳಗೆ ತಳ್ಳುತ್ತದೆ. ಪೈಪ್ ಚಾವಣಿಯಿಂದ 10 ಅಡಿ ಮೇಲಿರಬೇಕು, ಬಾಯಿ ನೇರ ಆಕಾಶಕ್ಕೆ ತೆರೆದಿರಬೇಕು. ಮಳೆಗೆ ಉಪಾಯ ಇದೆ. ತುದಿಯಲ್ಲಿ ಸ್ವಲ್ಪ ಹೆಚ್ಚು ಅಗಲದ ಇನ್ನೊಂದು ಪೈಪನ್ನು ಹೊರಗಿಂದ ಕೂರಿಸಿ, ಮಧ್ಯೆ ಸಂದು ಬಿಡುವುದು. ಓರೆಯಾಗಿ ಬಿದ್ದ ಹನಿ ಹೊರಗಿನ ಪೈಪಿನ ಒಳಮೈಗೆ ತಾಗಿ ಆ ಸಂದಿನಿಂದ ಹೊರಗೇ ಇಳಿದು ಹೋಗುತ್ತದೆ. ಬ್ಲೋವರ್ ಹೊಟ್ಟೆಯ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತು ಇರಬೇಕು, ಎಲೆ ಸಿಕ್ಕಿ ಮುಚ್ಚಿದೆಯಾ ನೋಡಿಸಿ. ತಗಡಿನ ಪೈಪ್ ಆಸಿಡ್ ಹೊಗೆಗೆ ಎರಡು ಮಳೆಗಾಲ ಬಾಳುವುದಿಲ್ಲ, ಪಿವಿಸಿ ಅಥವಾ ಫೈಬರ್ ಹಾಕಿಸಿ.

ಕೆಮಿಸ್ಟ್ರಿ ಮೇಷ್ಟ್ರು, ಪೊನ್ನಂಪೇಟೆ

ಹುಡ್ ಸರಿಯಾದರೂ ಪ್ರಯೋಗವನ್ನು ಚಿಕ್ಕದು ಮಾಡಿ ಮೇಡಂ. ನಾನು ಕುಳಿತು ಲೆಕ್ಕ ಹಾಕಿದೆ. ಒಂದು ಗ್ರಾಂ ತಾಮ್ರ ಪೂರ್ತಿ ಕರಗಿದರೆ ಸುಮಾರು ಮುಕ್ಕಾಲು ಲೀಟರ್ ಕಂದು ಗ್ಯಾಸ್. ಮೇಲೆ ಹೇಳಿದ 6000 ಘನ ಅಡಿ ಕೋಣೆಯಲ್ಲಿ ಅದು ಸಮವಾಗಿ ಹರಡಿದರೂ 4 ಪಿಪಿಎಂ ದಾಟುತ್ತದೆ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಯೋಶ್ (NIOSH) ಸಂಸ್ಥೆ 15 ನಿಮಿಷಕ್ಕೆ ಹೇಳುವ ಮಿತಿ 1 ಪಿಪಿಎಂ. ಹತ್ತಿರ ನಿಂತವರ ಮುಖದ ಎದುರು ಸಮವಾಗಿ ಹರಡುವ ಮಾತೇ ಇಲ್ಲ, ಇನ್ನೂ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ನಾನು ಈಗ ಅಕ್ಕಿಕಾಳಿನಷ್ಟು ತಾಮ್ರದ ತಂತಿ, ಎರಡು ಮೂರು ಹನಿ ಆಸಿಡ್ ಹಾಕಿ ಟೆಸ್ಟ್ ಟ್ಯೂಬಿನಲ್ಲಿ ತೋರಿಸುತ್ತೇನೆ. ಹಿಂದೆ ಬಿಳಿ ಹಾಳೆ ಹಿಡಿದರೆ ಕೊನೆ ಬೆಂಚಿನವರಿಗೂ ಬಣ್ಣ ಕಾಣುತ್ತದೆ. ಕಂಡ ಮೇಲೆ ಹುಡ್ ಒಳಗೇ ಇಟ್ಟಿರುವ ನೀರಿನ ಬೀಕರಿಗೆ ಬಗ್ಗಿಸಿಬಿಡುತ್ತೇನೆ.

ನಿಮ್ಮ ಹುಡ್ ಒಳಗೆ ಆಸಿಡ್ ಬಾಟಲಿ ಜೋಡಿಸಿಟ್ಟಿದ್ದೀರಾ? ಎಲ್ಲ ಕಾಲೇಜಿನಲ್ಲೂ ಇದೇ ಕಥೆ. ಹಿಂದಿನ ಹಲಗೆಯ ಕೆಳಗೆ ಒಂದು ಉದ್ದ ಸಂದು ಇದೆ, ಭಾರದ ಆವಿ ಹೋಗುವುದು ಅಲ್ಲಿಂದಲೇ. ಬಾಟಲಿ ಅದನ್ನು ಮುಚ್ಚಿದರೆ ಹೊಗೆ ಮುಂದಕ್ಕೆ ಬರದೆ ಇನ್ನೆಲ್ಲಿಗೆ ಹೋಗಬೇಕು? ಬೀಕರನ್ನು ಅಂಚಿನಿಂದ ಕನಿಷ್ಠ 15 ಸೆಂಟಿಮೀಟರ್ ಒಳಗೆ ಇಡಿ. ಬಾಟಲಿಗಳ ಕುತ್ತಿಗೆಯಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಇದ್ದರೆ ಅಮೋನಿಯ, ಹೈಡ್ರೋಕ್ಲೋರಿಕ್ ಆಸಿಡ್ ಒಂದೇ ಬೀರುವಿನಲ್ಲಿವೆ ಎಂದರ್ಥ. ಎರಡರ ಆವಿ ಸೇರಿ ಆದ ನವಸಾಗರ ಅದು. ಆ ಬೀರು ಪ್ರತಿ ದಿನ ತೆರೆಯುವವರು ಯಾರು ಎಂದು ಯೋಚಿಸಿ.

ಲ್ಯಾಬ್ ಮೇಡಂ, ಮಡಿಕೇರಿ ಹತ್ತಿರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ನಡೆದದ್ದು ಹೇಳುತ್ತೇನೆ.

ಬುಧವಾರ ಹುಡ್ ಖಾಲಿ ಮಾಡಿದೆವು. ಒಳಗೆ ಹದಿನೇಳು ಬಾಟಲಿ ಇದ್ದವು, ಹಿಂದಿನ ಸಂದು ಕಾಣುತ್ತಲೇ ಇರಲಿಲ್ಲ. ಊದುಬತ್ತಿ ಹಿಡಿದೆ. ಮಧ್ಯದಲ್ಲಿ ಹೊಗೆ ಸ್ವಲ್ಪ ಒಳಗೆ ಬಾಗಿತು, ಎಡ ಮೂಲೆಯಲ್ಲಿ ನೆಟ್ಟಗೆ ನಿಂತಿತು, ಕಟ್ಟೆಯ ಅಂಚಿನಲ್ಲಿ ನನ್ನ ಕಡೆಗೇ ತಿರುಗಿತು. ಆಮೇಲೆ ಬಾಗಿಲ ಸಂದಿಗೆ ಕೈ ಇಟ್ಟೆ. ಏನೂ ತಿಳಿಯಲಿಲ್ಲ. ಆಗಲೇ ಗೋಣಿಕೊಪ್ಪದ ಅಣ್ಣ ಹೇಳಿದ್ದು ನಿಜ ಇರಬೇಕು ಅನ್ನಿಸಿತು.

ಗುರುವಾರ ಮಳೆ ಒಂದು ಗಂಟೆ ಬಿಟ್ಟಿತು. ಎಲೆಕ್ಟ್ರಿಷಿಯನ್ ಜೊತೆ ಟೆರೇಸಿಗೆ ಹೋದೆ. ಬ್ಲೋವರ್ ಮೇಲೆ ಪಾಚಿ ಕಟ್ಟಿತ್ತು. ಅವರು ಬಟ್ಟೆಯಲ್ಲಿ ಉಜ್ಜಿದಾಗ ಕೆಂಪು ಬಾಣ ಕಾಣಿಸಿತು. ಸ್ವಿಚ್ ಹಾಕಿ ಆರಿಸಿದೆವು. ಚಕ್ರ ಬಾಣಕ್ಕೆ ಎದುರಾಗಿ ತಿರುಗುತ್ತಾ ನಿಂತಿತು. ಎರಡು ವೈರ್ ಬದಲಿಸಿದರು. ಕೆಳಗೆ ಬಂದು ಊದುಬತ್ತಿ ಹಿಡಿದರೆ ಹೊಗೆ ದಾರದ ಹಾಗೆ ಒಳಗೆ ಎಳೆದುಕೊಂಡು ಹೋಯಿತು, ಮೂಲೆಯಲ್ಲೂ. ಬಾಗಿಲ ಸಂದಿಯಲ್ಲಿ ಈಗ ಗಾಳಿ ಸುಯ್ ಎಂದು ನುಗ್ಗುತ್ತಿದೆ. ಗೋಣಿಚೀಲ ತೆಗೆಸಿದೆ, ವರಾಂಡದ ಕಡೆಯ ಕಿಟಕಿ ಒಂದು ಗೇಣು ತೆರೆದಿಟ್ಟೆ, ಆ ಕಡೆ ಎರಚಲು ಬರುವುದಿಲ್ಲ. ಬೋರ್‌ವೆಲ್ ಮೋಟರೂ ಉಲ್ಟಾ ತಿರುಗುತ್ತಿತ್ತು. ಅದರದ್ದೂ ವೈರ್ ಬದಲಿಸಿದ ಮೇಲೆ ಟ್ಯಾಂಕ್ ಮುಕ್ಕಾಲು ಗಂಟೆಗೆ ತುಂಬಿತು.

ಪೈಪಿಗೆ ಟೋಪಿ ಇದೆ. ಮಳೆಯಲ್ಲಿ ಮೇಲೆ ಹತ್ತಿ ಕೆಲಸ ಮಾಡಿಸುವುದು ಬೇಡ ಎಂದು ನವೆಂಬರಿಗೆ ಇಟ್ಟಿದ್ದೇವೆ. ಅಲ್ಲಿಯ ತನಕ ಹುಡ್ ಓಡುವಾಗ ಟೆರೇಸಿನ ಬಾಗಿಲಿಗೆ ಬೀಗ. ಗಾಳಿಯ ವೇಗ ಅಳೆಯುವ ಮೀಟರ್ ಕೊಡಿಸಿ ಎಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ. ಸದ್ಯಕ್ಕೆ ಗಾಜಿನ ಕೆಳ ಅಂಚಿಗೆ ಟಿಶ್ಯೂ ಪೇಪರಿನ ಒಂದು ಪಟ್ಟಿ ಅಂಟಿಸಿದ್ದೇನೆ, ಅದು ಒಳಗೆ ಬಾಗಿದ್ದರೆ ಮಾತ್ರ ಕೆಲಸ ಶುರು. ಕರೆಂಟ್ ಹೋದರೆ ಗಾಜು ಪೂರ್ತಿ ಇಳಿಸಬೇಕು, ಬರ್ನರ್ ಆರಿಸಬೇಕು, ಎಲ್ಲರೂ ಹೊರಗೆ ಹೋಗಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದು ಪಕ್ಕದಲ್ಲೇ ಹಚ್ಚಿದ್ದೇನೆ. ಕರೆಂಟ್ ಬಂದ ಮೇಲೆ ಬ್ಲೋವರ್ ಹತ್ತು ನಿಮಿಷ ಓಡಿದ ನಂತರವೇ ಒಳಗೆ ಬರುವುದು.

ಬಿಳಿ ಪುಡಿ ಇತ್ತು ಮೇಷ್ಟ್ರೇ. ಎಲ್ಲ ಬಾಟಲಿಗಳ ಕುತ್ತಿಗೆಯಲ್ಲೂ ಇತ್ತು. ಅಟೆಂಡರ್ ಅಣ್ಣ ಅದನ್ನು ಇಷ್ಟು ವರ್ಷ ಬೂಷ್ಟು ಅಂದುಕೊಂಡು ವಾರಕ್ಕೊಮ್ಮೆ ಒರೆಸುತ್ತಿದ್ದರಂತೆ. ಅಮೋನಿಯವನ್ನು ಬೇರೆ ಕೋಣೆಗೆ ಹಾಕಿದೆವು. ಬೀರು ತೊಳೆಯುವ ಕೆಲಸ ನಾನೇ ಮಾಡಿದೆ. ಸೋಮವಾರ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಚೀಟಿ ಬರೆಯಲು ಕುಳಿತರೆ ಹೆಸರುಗಳು ಎರಡು ಪುಟ ಆದವು.